ಸದ್ಯಕ್ಕೆ ಇರಲಿ, ಆಮೇಲೆ ನೋಡೋಣ

2017ರ ಮಳೆಗಾಲ, ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು. "ಅಣ್ಣಾ, ನೀವು ಅಪ್ಪನಿಗೆ ಮಾಡಿಕೊಟ್ಟಿದ್ರಲ್ಲ ಆ ಸಾಫ್ಟ್‌ವೇರ್, ಅದನ್ನ ಹೊಸ ಕಂಪ್ಯೂಟರಿಗೆ ಹಾಕಿದ್ವಿ. ಏನೇನೋ ಬರ್ತಿದೆ. ಕನ್ನಡಾನೇ ಕಾಣಿಸ್ತಿಲ್ಲ."

"ಯಾವ ಸಾಫ್ಟ್‌ವೇರಮ್ಮಾ?" ಅಂದೆ. ನಾಟಕ ಅಲ್ಲ, ನಿಜವಾಗಿಯೂ ಮರೆತುಹೋಗಿತ್ತು. ಆ ಕಡೆಯಿಂದ ಒಂದು ಕ್ಷಣ ಮಾತೇ ಇಲ್ಲ. ಹನ್ನೊಂದು ವರ್ಷದಿಂದ ಅವರ ಮನೆಯವರು ದಿನಾ ಬಳಸ್ತಿದ್ದ ವಸ್ತುವನ್ನ ಮಾಡಿದವನೇ ಮರೆತಿದ್ದಾನೆ ಅಂದ್ರೆ ಅವಳಾದರೂ ಏನಂತಾಳೆ?

2006ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಬೆಂಗಳೂರಿನ ಹಳೇ ಬಡಾವಣೆಯೊಂದರಲ್ಲಿ ಪರಿಚಯದವರ ಪ್ರೆಸ್ ಇತ್ತು. ಪ್ರೆಸ್ಸಿನ ಯಜಮಾನರ ತಂದೆ ಹಿಂದೆ ಒಂದು ವಾರಪತ್ರಿಕೆ ನಡೆಸಿದ್ದರು. ಭಾನುವಾರ ಭಾನುವಾರ ಬರ್ತಿದ್ದ ಪತ್ರಿಕೆ. ಅದರಲ್ಲಿ ಬಂದ ಒಂದೊಂದು ಕತೆ, ಲೇಖನಕ್ಕೂ ಒಂದೊಂದು ಕಾರ್ಡು ಬರೆದಿಟ್ಟಿದ್ದರು: ಶೀರ್ಷಿಕೆ, ಲೇಖಕರ ಹೆಸರು, ಸಂಚಿಕೆಯ ತಾರೀಖು, ಕೆಳಗೆ ಅವರದೇ ಒಂದೆರಡು ಸಾಲಿನ ಟಿಪ್ಪಣಿ. ಸುಮಾರು ನಾಲ್ಕು ಸಾವಿರ ಕಾರ್ಡು, ಮರದ ಡ್ರಾಯರುಗಳಲ್ಲಿ. "ಇದನ್ನ ಕಂಪ್ಯೂಟರಿಗೆ ಹಾಕೋಕಾಗುತ್ತೇನಪ್ಪಾ?" ಅಂತ ಕೇಳಿದರು. ನಾನು ಮೂರು ವಾರಾಂತ್ಯದಲ್ಲಿ ಆಕ್ಸೆಸ್ ಮೇಲೆ ವಿಷುವಲ್ ಬೇಸಿಕ್ಕಿನ ಒಂದು ಪರದೆ ಹೊಲಿದು, "ಇದು ಬರೀ ಪ್ರೋಟೊಟೈಪು ಸಾರ್, ತೋರಿಸೋಕೆ ಅಷ್ಟೇ, ಇಷ್ಟವಾದರೆ ಆಮೇಲೆ ಸರಿಯಾಗಿ ಮಾಡೋಣ" ಅಂದೆ. ಅವರಿಗೆ ಇಷ್ಟವಾಯಿತು. ಸೋಮವಾರದಿಂದಲೇ ಡಿಟಿಪಿ ಹುಡುಗರು ಕಾರ್ಡು ಟೈಪ್ ಮಾಡೋಕೆ ಕೂತರು. ಆ 'ಆಮೇಲೆ' ಬರಲೇ ಇಲ್ಲ.

ನಮ್ಮ ಕಸುಬಿನಲ್ಲಿ ಪ್ರೋಟೊಟೈಪ್ ಅಂದರೆ ಒಂದು ಥರದ ಪಾಪವಿಮೋಚನಾ ಪತ್ರ. ಪಿಒಸಿ ಅನ್ನಿ, ಎಂವಿಪಿ ಅನ್ನಿ, ಹ್ಯಾಕಥಾನ್ ಅನ್ನಿ. ಆ ಪದ ಹೇಳಿದ ಕೂಡಲೇ ಏನು ಮಾಡಿದರೂ ನಡೆಯುತ್ತೆ. ತಾರೀಖನ್ನ ಬಂದ ಹಾಗೆ ಸ್ಟ್ರಿಂಗಿನಲ್ಲಿ ತುರುಕು, ಸದ್ಯಕ್ಕೆ ಇರಲಿ. ಫೈಲಿಗೆ ನಮ್ಮದೇ ಒಂದು ಫಾರ್ಮ್ಯಾಟ್, ಪೈಪ್ ಗುರುತು ಹಾಕಿ ಬೇರ್ಪಡಿಸು, ಸದ್ಯಕ್ಕೆ ಇರಲಿ. ಇದಕ್ಕೊಂದು ಶಾಸ್ತ್ರಾಧಾರವೂ ಇದೆ. ಫ್ರೆಡ್ ಬ್ರೂಕ್ಸ್ 1975ರ 'ದಿ ಮಿಥಿಕಲ್ ಮ್ಯಾನ್-ಮಂತ್' ಪುಸ್ತಕದಲ್ಲಿ, ಮೊದಲು ಕಟ್ಟಿದ ವ್ಯವಸ್ಥೆಯನ್ನ ಹೇಗೂ ಎಸೆಯಬೇಕಾಗುತ್ತೆ, ಅದಕ್ಕೆ ಎಸೆಯೋ ಲೆಕ್ಕ ಇಟ್ಟುಕೊಂಡೇ ಕಟ್ಟಿ ಅನ್ನೋ ಅರ್ಥದ ಸಲಹೆ ಕೊಟ್ಟಿದ್ದರು. ಇಪ್ಪತ್ತು ವರ್ಷದ ನಂತರ, 1995ರ ಆವೃತ್ತಿಯಲ್ಲಿ, ಆ ಸಲಹೆ ತಪ್ಪು ಅಂತ ಅವರೇ ಒಪ್ಪಿಕೊಂಡರು. ಮೊದಲು ಪೂರ್ತಿ ಕಟ್ಟು, ಆಮೇಲೆ ಪೂರ್ತಿ ಕೆಡವು ಅನ್ನೋ ಚಿತ್ರವೇ ಸರಿಯಿಲ್ಲ ಅನ್ನೋದು ಅವರ ಕಾರಣ. ಆದರೆ ಸಲಹೆ ಓದಿದವರೆಷ್ಟೋ ಜನ ತಿದ್ದುಪಡಿ ಓದಲಿಲ್ಲ.

ನನ್ನ ತಕರಾರು ಸ್ವಲ್ಪ ಬೇರೆ. ಎಸೀತೀವಿ ಅಂದಾಗ ನಾವು ಎಸೆಯೋದು ಕೋಡನ್ನ. ಕೋಡ್ ಎಸೆಯೋದು ಸುಲಭ, ಖುಷಿಯೂ ಹೌದು. ಆದರೆ ಆ ಕೋಡು ಬರೆದಿಟ್ಟ ಡೇಟಾವನ್ನ ಯಾರೂ ಎಸೆಯಲ್ಲ, ಎಸೆಯೋಕೆ ಅದು ನಮ್ಮದೂ ಅಲ್ಲ. ಮೂರು ವಾರದ ಪ್ರೋಟೊಟೈಪಿನಲ್ಲಿ ನಾವು ತೆಗೆದುಕೊಳ್ಳೋ ನೂರು ನಿರ್ಧಾರಗಳಲ್ಲಿ ಬಟನ್ನಿನ ಬಣ್ಣ, ಫಂಕ್ಷನ್ನಿನ ಹೆಸರು, ಯಾವ ಫ್ರೇಮ್‌ವರ್ಕ್ ಇವೆಲ್ಲ ಸಾಯುತ್ತವೆ. ಅಕ್ಷರವನ್ನ ಹೇಗೆ ಬರೆದಿಟ್ಟೆ, ತಾರೀಖನ್ನ ಹೇಗೆ ಬರೆದಿಟ್ಟೆ, ಫೈಲಿನ ಆಕಾರ ಏನು ಅನ್ನೋ ನಾಲ್ಕೈದು ಉಳ್ಕೊಳ್ತವೆ. ಓಪನ್ ಸ್ಟ್ಯಾಂಡರ್ಡ್‌ಗಳ ಮಾತು ಬರೋದು ಈ ನಾಲ್ಕೈದರ ವಿಷಯದಲ್ಲಿ. "ಪ್ರೋಟೊಟೈಪ್ ತಾನೇ, ಸ್ಟ್ಯಾಂಡರ್ಡೆಲ್ಲ ಪ್ರೊಡಕ್ಷನ್ನಿಗೆ" ಅಂತ ನಾವು ಹೇಳೋದು ಸರಿಯಾಗಿ ತಿರುಗುಮುರುಗು.

ನನ್ನ ಪ್ರೋಟೊಟೈಪಿಗೇ ಬರ್ತೀನಿ. ಡಿಟಿಪಿ ಹುಡುಗರು ಟೈಪ್ ಮಾಡ್ತಿದ್ದದ್ದು ಆಗಿನ ಕಾಲದ ಸಾಮಾನ್ಯ ಫಾಂಟಿನಲ್ಲಿ. ಅಕ್ಷರ ಅಲ್ಲ, ಅಕ್ಷರದ ಚೂರುಗಳು. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಯೂನಿಕೋಡ್ ಬಂದಮೇಲೆ ಕಂಪ್ಯೂಟರ್ ಮುಟ್ಟಿದವರಿಗೆ ಇದು ಗೊತ್ತಿರಲ್ಲ. ಇಂಗ್ಲಿಷಿಗೆ ಅಂತ ಮಾಡಿದ ಫಾಂಟುಗಳಲ್ಲಿ 256 ಮನೆ ಇರ್ತಿದ್ದವು. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರದ ಚಿತ್ರ ತೆಗೆದು ಕನ್ನಡದ ತಲೆಕಟ್ಟು, ಕೊಂಬು, ಒತ್ತಕ್ಷರಗಳ ಚಿತ್ರ ಕೂರಿಸಿದರು. ನುಡಿಯ ಹಳೇ ಸಂಕೇತ ವ್ಯವಸ್ಥೆಯಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಫೈಲಿನಲ್ಲಿ ಕೂರೋದು ಏನು ಗೊತ್ತಾ? ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಹೊತ್ತ ಒಂದು ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನರ ಒಂದು ಎಸ್, ಒಂದು ಕ್ಯೂ, ಮತ್ತೆ ಗೀಟಿನ ಎ. ಫಾಂಟ್ ಇದ್ದರೆ ಕನ್ನಡ. ಫಾಂಟ್ ತೆಗೆದರೆ ಪೌಂಡು.

ಇನ್ನೂ ಮಜಾ ಇದೆ. ಆ ವ್ಯವಸ್ಥೆಯಲ್ಲಿ 'ಮ' ಅನ್ನೋ ಅಕ್ಷರವೇ ಇಲ್ಲ. ಕೈಬರಹದಲ್ಲಿ ಮ ಹೆಂಗೆ ಕಾಣುತ್ತೋ ಹಂಗೆ, 'ವ' ಬರೆದು ಪಕ್ಕಕ್ಕೊಂದು ಕೊಂಬು ಅಂಟಿಸ್ತಾರೆ. 'ಯ' ಒಂದಕ್ಕೆ ನಾಲ್ಕು ಚೂರು ಬೇಕು, ಅದರಲ್ಲಿ ಮೊದಲ ಚೂರು ಅನುಸ್ವಾರದ ಸೊನ್ನೆ. ಕಣ್ಣಿಗೆ ಚೆನ್ನಾಗೇ ಕಾಣುತ್ತೆ. ಆದರೆ ಕಂಪ್ಯೂಟರಿಗೆ ಕಣ್ಣಿಲ್ಲವಲ್ಲ. 'ವ' ಹುಡುಕು ಅಂದರೆ ಮ ಇರೋ ಪದಗಳನ್ನೆಲ್ಲ ಎತ್ತಿಕೊಂಡು ಬರುತ್ತೆ. ಸೊನ್ನೆ ಹುಡುಕು ಅಂದರೆ ಯ ಒಳಗಿನ ಸೊನ್ನೆ ಹಿಡಿಯುತ್ತೆ. ಅಕಾರಾದಿಯಾಗಿ ಜೋಡಿಸು ಅಂದರೆ ಮ-ದಿಂದ ಶುರುವಾಗೋ ಲೇಖಕರೂ ವ-ದಿಂದ ಶುರುವಾಗೋ ಲೇಖಕರೂ ಒಂದೇ ಸಾಲಿನಲ್ಲಿ ನಿಲ್ತಾರೆ. ಅರ್ಕಾವತ್ತಿನದು ಇನ್ನೊಂದು ಕತೆ: 'ಸೂರ್ಯ' ಅಂತ ನಾವು ಉಚ್ಚರಿಸುವಾಗ ರ್ ಮೊದಲು, ಯ ಆಮೇಲೆ. ಬರೆಯುವಾಗ ಯ ಮೊದಲು, ಅರ್ಕಾವತ್ತು ಆಮೇಲೆ. ಹಳೇ ಫಾಂಟು ಬರೆಯೋ ಕ್ರಮ ಹಿಡಿಯಿತು, ಯೂನಿಕೋಡ್ ಉಚ್ಚಾರದ ಕ್ರಮ ಹಿಡಿಯಿತು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಪ್ರತಿ ಅರ್ಕಾವತ್ತನ್ನೂ ಎತ್ತಿ ಹಿಂದಕ್ಕೆ ಕೂರಿಸಬೇಕು, ಎಷ್ಟು ಹಿಂದಕ್ಕೆ ಅನ್ನೋದು ಮಧ್ಯದಲ್ಲಿ ಎಷ್ಟು ಒತ್ತು, ಗುಣಿತ ಇವೆ ಅನ್ನೋದರ ಮೇಲೆ.

ಇದನ್ನ ಮಾಡಿದವರನ್ನ ಬೈಯೋದು ನನ್ನ ಉದ್ದೇಶ ಅಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ ಇಲ್ಲದೇ ಹೋಗಿದ್ದರೆ ಕನ್ನಡ ಕಂಪ್ಯೂಟರಿಗೆ ಬರೋದು ಇನ್ನೆಷ್ಟು ತಡವಾಗ್ತಿತ್ತೋ. 1998ರ ಸುಮಾರಿಗೆ ವಿಂಡೋಸಿಗೆ ಕನ್ನಡದ ಒತ್ತು ಜೋಡಿಸೋದೇ ಗೊತ್ತಿರಲಿಲ್ಲ. ಅಕ್ಷರವನ್ನ ಅಕ್ಷರವಾಗಿ ಬರೆದಿಡೋ ಐಎಸ್‌ಸಿಐಐ ಅನ್ನೋ ಭಾರತೀಯ ಸ್ಟ್ಯಾಂಡರ್ಡ್ 1991ರಿಂದಲೇ ಇತ್ತು, ಅದೇ ವರ್ಷದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಕನ್ನಡ ಇತ್ತು. ಆದರೆ ಪೇಜ್‌ಮೇಕರಿನಲ್ಲಿ ನಾಳೆ ಬೆಳಿಗ್ಗೆ ಮದುವೆ ಕರೆಯೋಲೆ ಆಗಬೇಕು ಅಂದವನಿಗೆ ಕಾಗದದ ಮೇಲಿನ ಸ್ಟ್ಯಾಂಡರ್ಡಿನಿಂದ ಏನು ಉಪಯೋಗ? ಹಾಗಾಗಿ ಫಾಂಟಿನ ಆ ತಂತ್ರ ಒಂದು ಜಾಣ ಪ್ರೋಟೊಟೈಪು. ಕಾಗದದ ಮೇಲೆ ಕನ್ನಡ ಮೂಡಿಸಬೇಕು ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರ. ತಪ್ಪಿದ್ದು ನನ್ನಂಥವರದು. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಇತ್ತು, ತುಂಗಾ ಫಾಂಟೂ ಇತ್ತು. 2006ರಲ್ಲಿ ನನ್ನೆದುರಿಗಿದ್ದ ಕಂಪ್ಯೂಟರಿನಲ್ಲಿ ಆ ದಾರಿ ತೆರೆದೇ ಇತ್ತು. ಹುಡುಗರ ಕೈ ಹಳೇ ಫಾಂಟಿಗೆ ಪಳಗಿದೆ, ಪರಿವರ್ತಕ ಬರೆಯೋಕೆ ಇನ್ನೊಂದು ವಾರ ಬೇಕು, ಡೆಮೊ ಶನಿವಾರ. ಕಾಗದಕ್ಕೆ ಅಂತ ಮಾಡಿದ ತಂತ್ರವನ್ನ ನಾನು ಹುಡುಕೋ ಡೇಟಾಬೇಸಿಗೆ ಹಾಕಿದೆ.

ಬಳಕೆದಾರರು ಎಷ್ಟು ಬೇಗ ಬರ್ತಾರೆ ಅನ್ನೋದಕ್ಕೆ ನನಗೆ ಇಷ್ಟವಾದ ಕತೆ ಮೇಕ್‌ಫೈಲಿನದು. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ 'ಮೇಕ್' ಬರೆದರು. ಸಾಲಿನ ಶುರುವಿನಲ್ಲಿ ಟ್ಯಾಬ್ ಇರಬೇಕು, ಸ್ಪೇಸ್ ಇದ್ದರೆ ನಡೆಯಲ್ಲ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತೆ. ಇದು ಎಡವಟ್ಟು ಅಂತ ಅವರಿಗೆ ಕೆಲವೇ ವಾರದಲ್ಲಿ ಗೊತ್ತಾಯಿತು. ಆದರೆ ಅಷ್ಟೊತ್ತಿಗೆ ಹತ್ತು ಹನ್ನೆರಡು ಜನ ಬಳಸ್ತಿದ್ದರು, ಹೆಚ್ಚಿನವರು ಸ್ನೇಹಿತರೇ. ಅವರಿಗೆ ತೊಂದರೆ ಯಾಕೆ ಅಂತ ಬಿಟ್ಟರು ಅಂತ ಅವರೇ ಹೇಳಿಕೊಂಡಿದ್ದಾರೆ. ಹನ್ನೆರಡು ಜನರ ಮುಲಾಜಿಗೆ ಬಿಟ್ಟ ಟ್ಯಾಬನ್ನ ಇವತ್ತಿಗೂ ಎಷ್ಟೋ ಲಕ್ಷ ಜನ ಬೈಕೊಂಡು ಒತ್ತುತ್ತಿದ್ದಾರೆ. ನನ್ನ ಪ್ರೋಟೊಟೈಪಿಗೆ ಇಬ್ಬರೇ ಬಳಕೆದಾರರಿದ್ದರು ಅನ್ನೋ ಸಮಾಧಾನ ನಾನು ಹೇಳಿಕೊಳ್ಳೋದು ಬಿಟ್ಟಿದ್ದು ಈ ಕತೆ ಓದಿದ ಮೇಲೆ.

ಇದರ ಇನ್ನೊಂದು ಮುಖವೂ ಇದೆ, ಅದನ್ನ ಓಪನ್ ಸ್ಟ್ಯಾಂಡರ್ಡ್ ಭಕ್ತರು ಹೇಳೋದು ಕಡಿಮೆ. ಅವಸರದ ತಪ್ಪು ಕೆಲವೊಮ್ಮೆ ತಾನೇ ಸ್ಟ್ಯಾಂಡರ್ಡ್ ಆಗಿಬಿಡುತ್ತೆ. ಬ್ರೆಂಡನ್ ಐಕ್ 1995ರ ಮೇ ತಿಂಗಳಲ್ಲಿ ಹತ್ತು ದಿನದಲ್ಲಿ ಜಾವಾಸ್ಕ್ರಿಪ್ಟಿನ ಮೊದಲ ರೂಪ ಬರೆದರು. ಎರಡು ವರ್ಷದಲ್ಲಿ, 1997ರಲ್ಲಿ, ಅದು ಎಕ್ಮಾ ಸ್ಟ್ಯಾಂಡರ್ಡ್. 'ನಲ್' ಅನ್ನೋದರ ಜಾತಿ ಕೇಳಿದರೆ 'ಆಬ್ಜೆಕ್ಟ್' ಅಂತ ಉತ್ತರ ಕೊಡೋ ಆ ಶುರುವಿನ ಎಡವಟ್ಟು ಈಗ ಸ್ಟ್ಯಾಂಡರ್ಡಿನ ಅಂಗ. ತಿದ್ದಿದರೆ ಎಷ್ಟೋ ವೆಬ್‌ಸೈಟ್ ಮುರಿಯುತ್ತೆ ಅಂತ ಹಾಗೇ ಉಳಿಸಿದ್ದಾರೆ. 1983ರ ಲೋಟಸ್ 1-2-3 ಇನ್ನೂ ತಮಾಷೆ. ಅದು 1900ನ್ನ ಅಧಿಕ ವರ್ಷ ಅಂತ ಲೆಕ್ಕ ಹಾಕಿತು. ನೂರರಿಂದ ಭಾಗವಾಗೋ ವರ್ಷ ನಾನೂರರಿಂದಲೂ ಭಾಗವಾದರೆ ಮಾತ್ರ ಅಧಿಕ ವರ್ಷ, ಆದ್ದರಿಂದ 1900ರಲ್ಲಿ ಫೆಬ್ರವರಿ 29 ಇರಲೇ ಇಲ್ಲ. ಎಕ್ಸೆಲ್ ಬಂದಾಗ ಲೋಟಸ್ ಫೈಲುಗಳ ಜೊತೆ ಹೊಂದಬೇಕಲ್ಲ ಅಂತ ಆ ತಪ್ಪನ್ನೂ ನಕಲು ಮಾಡಿತು. 2008ರಲ್ಲಿ ಒಒಎಕ್ಸ್‌ಎಂಎಲ್ ಅನ್ನೋ ಹೆಸರಲ್ಲಿ ಆಫೀಸ್ ಫೈಲುಗಳು ಐಎಸ್‌ಒ ಸ್ಟ್ಯಾಂಡರ್ಡ್ ಆದಾಗ ಇಲ್ಲದ ಆ ದಿನಕ್ಕೂ ಒಳಗೆ ಜಾಗ ಸಿಕ್ಕಿತು. ಆ ಪ್ರಸ್ತಾವ ಸುಮಾರು ಆರು ಸಾವಿರ ಪುಟ ಇತ್ತು. ಭಾರತ ಬೇಡ ಅಂತಲೇ ಮತ ಹಾಕಿತ್ತು.

ಹಾಗಾದರೆ ಇದಕ್ಕೆ ಎದುರಾಗಿದ್ದ ಒಡಿಎಫ್ ದೋಷವಿಲ್ಲದ್ದಾ ಅಂದರೆ, ಅದೂ ಇಲ್ಲ. 2006ರಲ್ಲೇ ಐಎಸ್‌ಒ ಮುದ್ರೆ ಬಿದ್ದಿದ್ದ ಒಡಿಎಫ್‌ನಲ್ಲಿ ಸ್ಪ್ರೆಡ್‌ಶೀಟ್ ಸೂತ್ರಗಳನ್ನ ಹೇಗೆ ಬರೆಯಬೇಕು ಅನ್ನೋದನ್ನೇ ಸರಿಯಾಗಿ ನಿಗದಿ ಮಾಡಿರಲಿಲ್ಲ. ಅದು ಬಂದದ್ದು 2011ರ 1.2 ಆವೃತ್ತಿಯಲ್ಲಿ. ಸ್ಪ್ರೆಡ್‌ಶೀಟಿನ ಸ್ಟ್ಯಾಂಡರ್ಡು, ಆದರೆ ಸೂತ್ರ ಇಲ್ಲ. ಒಗ್ಗರಣೆ ಇಲ್ಲದ ಹುಳಿ ಅಲ್ಲ, ಬೇಳೆಯೇ ಇಲ್ಲದ ಹುಳಿ.

ಅಂದರೆ 'ಓಪನ್' ಅನ್ನೋ ಹಣೆಪಟ್ಟಿ ನೋಡಿ ನಂಬೋ ಹಾಗಿಲ್ಲ. ಭಾರತ ಸರ್ಕಾರ 2010ರಲ್ಲಿ ಇ-ಆಡಳಿತಕ್ಕೆ ಓಪನ್ ಸ್ಟ್ಯಾಂಡರ್ಡ್ ನೀತಿ ಹೊರಡಿಸಿದಾಗ ರಾಯಲ್ಟಿ ಕೊಡದೆ ಬಳಸೋ ಹಾಗಿರಬೇಕು ಅನ್ನೋದನ್ನ ಮುಖ್ಯ ಮಾಡಿತ್ತು. ಅದು ಸರಿ. ಆದರೆ ಪ್ರೋಟೊಟೈಪ್ ಮಾಡೋನಿಗೆ ನನ್ನ ಪ್ರಕಾರ ಅದಕ್ಕಿಂತ ಒಳ್ಳೇ ಪರೀಕ್ಷೆ ಇಂಟರ್ನೆಟ್ಟಿನ ಸ್ಟ್ಯಾಂಡರ್ಡ್ ಮಾಡೋ ಐಇಟಿಎಫ್‌ನವರದ್ದು. ಅವರ 1996ರ ನಿಯಮದ ಪ್ರಕಾರ ಒಂದು ಪ್ರಸ್ತಾವ ಮುಂದಿನ ಮೆಟ್ಟಿಲು ಹತ್ತಬೇಕಾದರೆ ಒಬ್ಬರಿಗೊಬ್ಬರು ಸಂಬಂಧ ಇಲ್ಲದೆ ಕನಿಷ್ಠ ಇಬ್ಬರು ಅದನ್ನ ಕಟ್ಟಿರಬೇಕು, ಆ ಎರಡೂ ಪರಸ್ಪರ ಮಾತಾಡಬೇಕು. ಎಷ್ಟು ಪುಟ ಬರೆದೆ ಅನ್ನೋದಲ್ಲ. ನೀನು ಬರೆದದ್ದನ್ನ ಓದಿ, ನಿನ್ನನ್ನ ಏನೂ ಕೇಳದೆ, ಇನ್ನೊಬ್ಬ ಕಟ್ಟಬಲ್ಲನಾ ಅನ್ನೋದು.

ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿ 1990ರ ಕೊನೆಗೆ ಕಟ್ಟಿದ ಮೊದಲ ವೆಬ್ಬನ್ನ ಈ ಕಣ್ಣಿನಿಂದ ನೋಡಿ. ಅದೂ ಒಂದು ಪ್ರೋಟೊಟೈಪೇ. ನೆಕ್ಸ್ಟ್ ಅನ್ನೋ ದುಬಾರಿ ಕಂಪ್ಯೂಟರಿನಲ್ಲಿ ಮಾತ್ರ ಓಡ್ತಿತ್ತು. ಆದರೆ ಒಳಗೆ ಹೊಸದಾಗಿ ಕಂಡುಹಿಡಿದದ್ದು ಎಷ್ಟು ಕಡಿಮೆ! ಸಾಗಣೆಗೆ ಆಗಲೇ ಇದ್ದ ಟಿಸಿಪಿ, ವಿಳಾಸಕ್ಕೆ ಆಗಲೇ ಇದ್ದ ಡಿಎನ್‌ಎಸ್ ಹೆಸರುಗಳು, ಪುಟ ಬರೆಯೋಕೆ ಎಸ್‌ಜಿಎಂಎಲ್ ಮಾದರಿಯ ಟ್ಯಾಗುಗಳು. ಹೊಸ ಐಡಿಯಾ ಒಂದೇ, ಇವನ್ನೆಲ್ಲ ಕೊಂಡಿಯಿಂದ ಪೋಣಿಸೋದು. ಅಲ್ಲಿದ್ದ ವಿದ್ಯಾರ್ಥಿನಿ ನಿಕೋಲಾ ಪೆಲ್ಲೋ ಬೇರೆ ಕಂಪ್ಯೂಟರುಗಳಲ್ಲೂ ಓಡೋ ಬರೀ ಅಕ್ಷರದ ಬ್ರೌಸರ್ ಬರೆದಳು. ನೋಡೋಕೆ ಸಪ್ಪೆ, ಆದರೆ ಎರಡನೆಯವರು ಬಂದು ಓದಬಹುದು ಅನ್ನೋದಕ್ಕೆ ಅದೇ ಸಾಕ್ಷಿ. 1993ರ ಏಪ್ರಿಲ್ 30ರಂದು ಸರ್ನ್ ಎಲ್ಲವನ್ನೂ ಯಾರು ಬೇಕಾದರೂ ಬಳಸಿ ಅಂತ ಬಿಟ್ಟುಕೊಟ್ಟಿತು. ಅದೇ ವರ್ಷದ ಶುರುವಿನಲ್ಲಿ, ಆಗ ವೆಬ್ಬಿಗಿಂತ ಹೆಚ್ಚು ಬಳಕೆಯಲ್ಲಿದ್ದ ಗೋಫರ್ ವ್ಯವಸ್ಥೆಯ ಸರ್ವರಿಗೆ ಮಿನ್ನೆಸೋಟ ವಿಶ್ವವಿದ್ಯಾಲಯ ಲೈಸೆನ್ಸ್ ಫೀಸು ಕೇಳೋ ಮಾತೆತ್ತಿತ್ತು. ಗೋಫರ್ ಹೆಸರನ್ನ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಇಲ್ಲೊಂದು ಎದುರು ವಾದ ಬರುತ್ತೆ, ಬರಬೇಕಾದ್ದೇ. "ಪ್ರೋಟೊಟೈಪ್ ಇರೋದು ಒಂದು ಪ್ರಶ್ನೆಗೆ ಬೇಗ ಉತ್ತರ ಕಂಡುಕೊಳ್ಳೋಕೆ. ಸ್ಟ್ಯಾಂಡರ್ಡ್ ಓದ್ತಾ ಕೂತರೆ ಬೇಗ ಎಲ್ಲಿ ಆಗುತ್ತೆ?" ನನ್ನ ಜೊತೆ ಕೆಲಸ ಮಾಡಿದ ಒಬ್ಬ ಹಿರಿಯರು ಹೀಗೇ ಹೇಳ್ತಿದ್ದರು, ಅವರಿಗೆ ಕಾರಣವೂ ಇತ್ತು. ಸೋಪ್ ಮತ್ತು ಅದರ ಸುತ್ತ ಬೆಳೆದ ವೆಬ್ ಸರ್ವಿಸ್ ಸ್ಟ್ಯಾಂಡರ್ಡುಗಳ ಕಾಲ ಕಂಡವರು ಅವರು. ಎರಡು ಸಂಖ್ಯೆ ಕೂಡಿಸಿ ಕಳಿಸೋಕೆ ಅರ್ಧ ಪುಟದ ಎಕ್ಸ್‌ಎಂಎಲ್ ಲಕೋಟೆ. ಸ್ಟ್ಯಾಂಡರ್ಡ್ ಅನ್ನೋ ಪದ ಕೇಳಿದರೇ ಅವರಿಗೆ ತಲೆನೋವು. ನಾನು ಹೇಳ್ತಿರೋದು ಅಂಥ ದೊಡ್ಡ ಸ್ಟ್ಯಾಂಡರ್ಡುಗಳನ್ನಲ್ಲ. ಪ್ರೋಟೊಟೈಪಿನ ಹೊಟ್ಟೆಯೊಳಗೆ ಏನಾದರೂ ಮಾಡಿಕೊಳ್ಳಿ. ಗೋಡೆ ದಾಟಿ ಆಚೆ ಹೋಗೋದು, ಡಿಸ್ಕಿನ ಮೇಲೆ ಉಳಿಯೋದು, ಬೇರೆಯವರ ಕೈಗೆ ಸಿಗೋದು ಇವಿಷ್ಟು ಮಾತ್ರ ಎರಡನೆಯವನು ಓದೋ ಹಾಗಿರಲಿ. ಅಕ್ಷರ ಯುಟಿಎಫ್-8. ತಾರೀಖು ವರ್ಷ-ತಿಂಗಳು-ದಿನ, ಐಎಸ್‌ಒ 8601ರ ಪ್ರಕಾರ. (ಆ ಸ್ಟ್ಯಾಂಡರ್ಡಿನ ಪ್ರತಿಗೆ ಐಎಸ್‌ಒ ದುಡ್ಡು ಕೇಳುತ್ತೆ ಅನ್ನೋದು ಬೇರೆ ವಿಷಯ. ಹೆಚ್ಚುಕಡಿಮೆ ಅದನ್ನೇ ಆರ್‌ಎಫ್‌ಸಿ 3339ರಲ್ಲಿ ಪುಕ್ಕಟೆ ಓದಬಹುದು.) ಫೈಲು ಜೇಸನ್ನೋ ಸಿಎಸ್‌ವಿಯೋ. ಎಸ್‌ಕ್ಯೂಲೈಟ್ ಬಳಸೋದಾದರೂ ನನ್ನ ತಕರಾರಿಲ್ಲ. ಅದು ಸ್ಟ್ಯಾಂಡರ್ಡ್ ಅಲ್ಲ, ಆದರೆ ಕೋಡು ಪಬ್ಲಿಕ್ ಡೊಮೇನ್, ಫೈಲಿನ ಒಂದೊಂದು ಬೈಟೂ ಏನು ಅಂತ ಬಹಿರಂಗವಾಗಿ ಬರೆದಿಟ್ಟಿದ್ದಾರೆ. ಇಷ್ಟಕ್ಕೆ ಹೆಚ್ಚೆಂದರೆ ಅರ್ಧ ದಿನ. ನಾವೇ ಹೊಸ ಫಾರ್ಮ್ಯಾಟ್ ಕಂಡುಹಿಡಿಯೋಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಸತ್ಯ ಹೇಳಬೇಕು ಅಂದರೆ. ನಾವು ಹೊಸದು ಮಾಡೋದು ಅವಸರಕ್ಕಲ್ಲ, ಅದು ಮಜಾ ಕೊಡುತ್ತೆ ಅಂತ.

ಯುಟಿಎಫ್-8 ಅಂದ ಕೂಡಲೇ ಎಲ್ಲ ಮುಗೀತು ಅಂತಲೂ ಅಲ್ಲ. 'ಕೊ' ಅನ್ನೋದನ್ನ ಯೂನಿಕೋಡಿನಲ್ಲಿ ಎರಡು ಥರ ಬರೆಯಬಹುದು: ಒತ್ವದ ಒಂದೇ ಚಿಹ್ನೆ, ಅಥವಾ ಎತ್ವ ಮತ್ತು ಕೊಂಬಿನ ದೀರ್ಘ ಎರಡನ್ನೂ ಬೇರೆ ಬೇರೆಯಾಗಿ. ಪರದೆ ಮೇಲೆ ಒಂದೇ, ಹೋಲಿಸಿದರೆ ಬೇರೆ. ಎರಡೂ ಒಂದೇ ಅಂತ ಸ್ಟ್ಯಾಂಡರ್ಡ್ ಸ್ಪಷ್ಟವಾಗಿ ಹೇಳುತ್ತೆ, ಒಂದು ರೂಪಕ್ಕೆ ತರೋ ಫಂಕ್ಷನ್ ಬಹುತೇಕ ಎಲ್ಲ ಭಾಷೆಗಳಲ್ಲೂ ಇದೆ. ಕರೆಯೋದು ಮಾತ್ರ ನಾವು. ಹಾಗೇ ಮೈಎಸ್‌ಕ್ಯೂಎಲ್ 2018ರ 8.0 ಆವೃತ್ತಿವರೆಗೆ ಹೇಳದೇ ಇದ್ದರೆ ಲ್ಯಾಟಿನ್ ಅಕ್ಷರ ಅಂತಲೇ ತಿಳ್ಕೊಳ್ತಿತ್ತು. ಎಷ್ಟು ಡೆಮೊಗಳಲ್ಲಿ ಕನ್ನಡದ ಹೆಸರುಗಳು ಸಾಲಾಗಿ ಪ್ರಶ್ನೆ ಚಿಹ್ನೆಗಳಾಗಿ ನಿಂತಿದ್ದನ್ನ ನೋಡಿದ್ದೀನೋ. ಪ್ರಶ್ನೆ ಚಿಹ್ನೆಯಾದ ಅಕ್ಷರವನ್ನ ಯಾವ ಪರಿವರ್ತಕವೂ ವಾಪಸ್ ತರೋಕಾಗಲ್ಲ. ಟೆಸ್ಟ್ ಡೇಟಾಗೆ ಅಂತ ನಾವು ಹಾಕೋದು ಜಾನು, ಸ್ಮಿತ್ತು. ಒಂದು 'ಶ್ರೀಕೃಷ್ಣಮೂರ್ತಿ' ಹಾಕಿ ನೋಡಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು.

ಆ ಭಾನುವಾರ ಪ್ರೆಸ್ಸಿಗೆ ಹೋದೆ. ಯಜಮಾನರಿಗೆ ಆರೋಗ್ಯ ಸರಿಯಿರಲಿಲ್ಲ, ಮಗಳೇ ನೋಡಿಕೊಳ್ತಿದ್ದಳು. ಹಳೇ ಪತ್ರಿಕೆಯ ಆಯ್ದ ಕತೆಗಳ ಪುಸ್ತಕ ತರಬೇಕು ಅಂತ ಅವಳ ಆಸೆ. ಅದಕ್ಕೆ ಯಾರ ಕತೆ ಯಾವಾಗ ಬಂದಿದೆ ಅಂತ ಬೇಕು. "ಕಾರ್ಡುಗಳು?" ಅಂದೆ.

"ಅದನ್ನ ಅಪ್ಪ 2008ರಲ್ಲೇ ರದ್ದಿಗೆ ಹಾಕಿಬಿಟ್ರು ಅಣ್ಣಾ. ಕಂಪ್ಯೂಟರಲ್ಲಿ ಇದೆಯಲ್ಲ ಅಂತ."

ನಾನು 'ಬರೀ ಪ್ರೋಟೊಟೈಪು' ಅಂದಿದ್ದೆ. ಆ ಪದ ಅವರಿಗೆ ಯಾಕೆ ಅರ್ಥ ಆಗಬೇಕು? ಎದುರಿಗೆ ಪರದೆ ಇತ್ತು, ಟೈಪ್ ಮಾಡಿದರೆ ಹೆಸರು ಬರ್ತಿತ್ತು. ಅವರ ಮಟ್ಟಿಗೆ ಕೆಲಸ ಆಗಿತ್ತು.

ಅಕ್ಷರಗಳನ್ನ ಯೂನಿಕೋಡಿಗೆ ತಿರುಗಿಸೋಕೆ ಎರಡು ಸಂಜೆ ಸಾಕಾಯಿತು. ತಾರೀಖು ಹಾಗಲ್ಲ. ನಾನು ಅದನ್ನ ಬರೀ ಅಕ್ಷರದ ಸಾಲಾಗಿ ಇಟ್ಟಿದ್ದೆ. ಒಬ್ಬ ಹುಡುಗ ದಿನ ಮೊದಲು ಬರೆದಿದ್ದ, ಇನ್ನೊಬ್ಬ, ಕಂಪ್ಯೂಟರಿನ ಮೂಲೆಯಲ್ಲಿ ಅಮೆರಿಕದ ಕ್ರಮ ಕಾಣಿಸ್ತಿತ್ತಲ್ಲ, ತಿಂಗಳು ಮೊದಲು ಬರೆದಿದ್ದ. 3/4 ಅಂದರೆ ಏಪ್ರಿಲ್ 3 ಕೂಡ ಹೌದು, ಮಾರ್ಚ್ 4 ಕೂಡ ಹೌದು. ಪತ್ರಿಕೆ ಭಾನುವಾರ ಬರ್ತಿತ್ತು ಅನ್ನೋದೊಂದೇ ಆಸರೆ. ಎರಡರಲ್ಲಿ ಯಾವುದು ಆ ವರ್ಷ ಭಾನುವಾರ ಬಿದ್ದಿತ್ತೋ ಅದನ್ನ ಹಿಡಿದೆ. ಹೆಚ್ಚಿನವು ಬಗೆಹರಿದವು. ಆದರೆ ಮೇ 9 ಮತ್ತು ಸೆಪ್ಟೆಂಬರ್ 5 ಯಾವ ವರ್ಷವಾದರೂ ಒಂದೇ ವಾರ ಬೀಳ್ತವೆ, ಮಧ್ಯೆ ಸರಿಯಾಗಿ ಹದಿನೇಳು ವಾರ. ಜುಲೈ 11, ನವೆಂಬರ್ 7 ಕೂಡ ಹಾಗೇ. ಇದು ನನಗೆ ಗೊತ್ತಾದದ್ದು ಆವತ್ತೇ. ಅಂಥವನ್ನೆಲ್ಲ ಪಟ್ಟಿ ಮಾಡಿ ಅವಳು ಲೈಬ್ರರಿಗೆ ಹೋಗಿ ಸಿಕ್ಕಷ್ಟು ಬೈಂಡ್ ಸಂಪುಟ ತಿರುವಿ ಹಾಕಿದಳು.

ಸರಿಯಾಗದೇ ಉಳಿದದ್ದು ಟಿಪ್ಪಣಿಗಳು. ಆ ಡಬ್ಬಿಗೆ ನಾನು 50 ಅಕ್ಷರದ ಮಿತಿ ಇಟ್ಟಿದ್ದೆ. ನಾನು ಇಟ್ಟಿದ್ದೆ ಅನ್ನೋದೂ ಸುಳ್ಳು, ಆಕ್ಸೆಸ್ ತಾನೇ ಕೊಟ್ಟಿದ್ದನ್ನ ಮುಟ್ಟದೆ ಬಿಟ್ಟಿದ್ದೆ. ಒಂದು ಯ-ಕ್ಕೆ ನಾಲ್ಕು ಚೂರು ಖರ್ಚಾಗೋ ಫಾಂಟಿನಲ್ಲಿ 50 ಅಂದರೆ ಕನ್ನಡದ ನಾಲ್ಕೈದು ಪದ. ಡಬ್ಬಿ ಹಿಡಿಸಲ್ಲ ಅಂದಾಗ ಹುಡುಗರು ತಮಗೆ ತೋಚಿದ ಹಾಗೆ ಮೊಟಕು ಮಾಡಿದ್ದರು, ಕೆಲವು ಕಡೆ ಪೂರ್ತಿ ಬಿಟ್ಟಿದ್ದರು. 'ಇವರು ನಿಜವಾಗಿ' ಅಂತ ಒಂದು ಟಿಪ್ಪಣಿ. ಇವರು ನಿಜವಾಗಿ ಏನು? ಬರೆದವರು ತೀರಿಕೊಂಡು ಬಹಳ ವರ್ಷ. ಕಾರ್ಡು ಯಾವ ಕಡಲೆಕಾಯಿ ಪೊಟ್ಟಣ ಆಯಿತೋ.

ಕೊನೆಗೆ ಎಲ್ಲವನ್ನೂ ಒಂದು ಸಿಎಸ್‌ವಿ ಫೈಲಿಗೆ ಇಳಿಸಿ, ಯುಟಿಎಫ್-8, ವರ್ಷ-ತಿಂಗಳು-ದಿನ, ಎಲ್ಲ ಅಚ್ಚುಕಟ್ಟಾಗಿ, ಇನ್ನು ನನ್ನ ಹಂಗೇ ಬೇಡ ಅನ್ನೋ ಹೆಮ್ಮೆಯಲ್ಲಿ ಮೇಲ್ ಮಾಡಿದೆ. ಹತ್ತೇ ನಿಮಿಷಕ್ಕೆ ಫೋನ್. "ಅಣ್ಣಾ, ಇದರಲ್ಲೂ ಹಂಗೇ ಬರ್ತಿದೆ."

ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದ್ದಳು. ಸಿಎಸ್‌ವಿ ಫೈಲಿನ ಒಳಗೆ 'ನಾನು ಈ ಸಂಕೇತದಲ್ಲಿದ್ದೀನಿ' ಅಂತ ಹೇಳಿಕೊಳ್ಳೋಕೆ ಜಾಗವೇ ಇಲ್ಲ. ಎಕ್ಸೆಲ್ ತನ್ನ ಪಾಡಿಗೆ ಹಳೇ ಸಂಕೇತ ಅಂದುಕೊಂಡು ತೆರೆದಿತ್ತು. ಫೈಲಿನ ತಲೆಗೆ ಯುಟಿಎಫ್-8ರ ಗುರುತಿನ ಮೂರು ಬೈಟ್ ಸೇರಿಸಿ ಮತ್ತೆ ಕಳಿಸಿದೆ. ಈ ಸಲ ಅರ್ಧ ಗಂಟೆ ಫೋನ್ ಬರಲಿಲ್ಲ. ಬಂದಾಗ ಅವಳ ದನಿಯಲ್ಲಿ ಖುಷಿ ಇತ್ತು.

"ಬಂತು ಅಣ್ಣಾ, ಎಲ್ಲ ಚೆನ್ನಾಗಿ ಕಾಣ್ತಿದೆ. ಆದ್ರೆ ತಾತನ ಹೆಸರಲ್ಲಿ ಅರ್ಕಾವತ್ತು ಒಂದಕ್ಷರ ಆಚೆ ಹೋಗಿಬಿಟ್ಟಿದೆ, ನೋಡಿ."